ಡಬ್ಬಿಗಳು ಬಿಟ್ಟುಕೊಟ್ಟ ಕೋಣೆ

ನನ್ನ ಸೋದರಮಾವ ಮನೆಗಳಿಗೆ ಬಣ್ಣ ಬಳಿದು ಬದುಕಿದವರು. ನಲವತ್ತೊಂದು ವರ್ಷ ಆ ಕೆಲಸ ಮಾಡಿದರು. ಏಣಿಯ ಮೂರನೇ ಮೆಟ್ಟಿಲಿಗೇ ಮಂಡಿ ನಡುಗಲು ಶುರುವಾದ ಮೇಲೆ ಬಿಟ್ಟರು. ಚಿಕ್ಕವರು ದೊಡ್ಡವರು ಎನ್ನದೆ ಬೀದಿಯವರೆಲ್ಲರಿಗೂ ಅವರು ಬಣ್ಣದ ಮಾವ.

ಅವರ ಕೆಲಸಕ್ಕೆ ಒಂದು ಹೆಸರಿತ್ತು. ಅವರು ಹಾಕಿದ ತೇಪೆ ಕಣ್ಣಿಗೆ ಕಾಣುತ್ತಿರಲಿಲ್ಲ. ಗೋಡೆಗೆ ಹೊಡೆದ ಮೊಳೆ ಕಿತ್ತಾಗ, ಕುರ್ಚಿಯ ಬೆನ್ನು ತಾಗಿ ತಾಗಿ ಸವೆದಾಗ, ಅಂಗೈಯಗಲದ ಜಾಗಕ್ಕೆ ಬಣ್ಣ ಹಚ್ಚಬೇಕಾಗುತ್ತದೆ. ಅಂಗಡಿಯಿಂದ ಅದೇ ನಂಬರಿನ ಬಣ್ಣ ತಂದರೂ ಹೊಂದುವುದಿಲ್ಲ. ಮುಖದ ಮೇಲಿನ ಮಚ್ಚೆಯ ಹಾಗೆ ಎದ್ದು ಕಾಣುತ್ತದೆ. ಆದ್ದರಿಂದ ಮಾವ ಯಾವ ಮನೆಯ ಕೆಲಸ ಮುಗಿಸಿದರೂ ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಗೆ ಸುರಿದು, ಮುಚ್ಚಳದ ಮೇಲೆ ಆ ಬಣ್ಣದ್ದೇ ಒಂದು ಬೊಟ್ಟಿಟ್ಟು, ‘ಡಾಕ್ಟರ ಮನೆ, ಮೆಟ್ಟಿಲ ಗೋಡೆ’ ಎಂದೋ ‘ಮಹಡಿ ಅಜ್ಜಿ, ಒಳಕೋಣೆ’ ಎಂದೋ ಬರೆದು ಮನೆಗೆ ತರುತ್ತಿದ್ದರು. ಹತ್ತು ವರ್ಷ ಬಿಟ್ಟು ಕರೆದರೂ ಆ ಡಬ್ಬಿ ಹಿಡಿದು ಹೋಗುತ್ತಿದ್ದರು. ಹೊಸಬರು ಎಷ್ಟು ಜನ ಬಂದರೂ ಊರಿನವರು ಮಾವನನ್ನೇ ಕಾಯುತ್ತಿದ್ದುದು ಇದಕ್ಕೇ.

ಅವರ ಮನೆಯಲ್ಲಿ ಒಂದು ನಡುಮನೆ, ಒಂದು ಅಡುಗೆಮನೆ, ಬೀದಿ ಕಡೆ ಕಿಟಕಿಯಿದ್ದ ಒಂದು ಕೋಣೆ. ಆ ಕೋಣೆ ಡಬ್ಬಿಗಳದ್ದು. ನೆಲದಿಂದ ಸೂರಿನವರೆಗೆ ಹಲಗೆ, ಹಲಗೆಯ ತುಂಬ ಡಬ್ಬಿ, ಮೂಲೆಯಲ್ಲಿ ಟರ್ಪೆಂಟೈನು, ಥಿನ್ನರು, ಗಟ್ಟಿಯಾದ ಬ್ರಷ್ಷುಗಳು.

ಮಾವನಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಹಿಡಿಯಷ್ಟಿದ್ದಳಂತೆ, ಹಾಗಾಗಿ ಗುಬ್ಬಿ ಎಂಬ ಹೆಸರೇ ನಿಂತಿತು. ನಾಲ್ಕು ವರ್ಷಕ್ಕೆ ಅವಳಿಗೆ ಉಬ್ಬಸ ಹತ್ತಿತು. ಒಂಬತ್ತು ತುಂಬುವ ಹೊತ್ತಿಗೆ ವಾರಕ್ಕೆರಡು ಸಲ ಆಸ್ಪತ್ರೆಗೆ ಎತ್ತಿಕೊಂಡು ಓಡುವುದಾಯಿತು. ಕೊನೆಗೆ ಡಾಕ್ಟರು ಮನೆಗೇ ಬಂದು ನೋಡಿ, "ಒಂದೋ ಈ ಡಬ್ಬಿಗಳು ಹೊರಗೆ ಹೋಗ್ಬೇಕು, ಇಲ್ಲಾ ಮಗು ಹೋಗ್ಬೇಕು" ಎಂದರು. ಬೇರೆ ಜಾಗ ಬಾಡಿಗೆಗೆ ಹಿಡಿಯುವ ಶಕ್ತಿ ಇರಲಿಲ್ಲ. ಡಬ್ಬಿಗಳಿಲ್ಲದೆ ಮಾವನಿಗೆ ಕೆಲಸವಿರಲಿಲ್ಲ. ಅತ್ತೆಯ ಅಕ್ಕ, ಅಂದರೆ ಗುಬ್ಬಿಯ ದೊಡ್ಡಮ್ಮ, ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಲ್ಲಿ ಒಂಟಿಯಾಗಿದ್ದರು. ಒಂದು ವರ್ಷ ಇರಲಿ ಎಂದು ಅಲ್ಲಿಗೆ ಕಳಿಸಿದರು. ಆ ಒಂದು ವರ್ಷ ಇಪ್ಪತ್ತೈದಾಯಿತು.

ಅಷ್ಟು ವರ್ಷಗಳಲ್ಲಿ ಗುಬ್ಬಿ ತನ್ನ ಮನೆಯಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಬೆಳಗಿನ ಬಸ್ಸಿಗೆ ಬರುತ್ತಿದ್ದಳು, ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದಳು, ತಟ್ಟೆ ಅಲ್ಲಿಗೇ ಬರುತ್ತಿತ್ತು, ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಓದಿದಳು, ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ನಾನೋ, ಹಳ್ಳಿಯಿಂದ ಕಾಲೇಜಿಗೆ ಬಂದವಳು ಮೂರು ವರ್ಷ ಅದೇ ಮನೆಯ ನಡುಮನೆಯಲ್ಲಿ ಮಲಗಿ ಓದಿದೆ. ಆ ಬಣ್ಣದ ವಾಸನೆ ನನ್ನನ್ನು ಏನೂ ಮಾಡಲಿಲ್ಲ. ಅವಳಿಗೆ ಸಿಗದ ಜಾಗ ನನಗೆ ಸಿಕ್ಕಿತ್ತು. ಅದನ್ನು ಯಾರೂ ಆಡಲಿಲ್ಲ, ಅವಳಂತೂ ಆಡಲೇ ಇಲ್ಲ.

ಕಳೆದ ವರ್ಷ ದೊಡ್ಡಮ್ಮ ತೀರಿಕೊಂಡರು. ಈ ವರ್ಷ ಶಾಲೆಗೆ ರಜೆ ಬಿಟ್ಟ ದಿನ ನಾನು ಮಾವನ ಮನೆಗೆ ಹೋದಾಗ ಅವರು ಫೋನು ಹಿಡಿದು ನನ್ನನ್ನೇ ಕಾಯುತ್ತಿದ್ದರು.

"ಬಾ ಟೀಚರಮ್ಮ. ಗುಬ್ಬಿ ಏನೋ ಬರ್ದಿದಾಳೆ, ಸರಿಯಾಗಿ ಓದು."

ಓದಿದೆ. "ಹೊಸ ಊರಿನ ಶಾಖೆಗೆ ಹಾಕಿದಾರೆ. ಸೇರೋಕೆ ಮುಂಚೆ ನಾಲ್ಕು ದಿನ ರಜೆ ಇದೆ. ದೊಡ್ಡಮ್ಮನ ಮನೆ ಖಾಲಿ ಮಾಡಿ ಕೀಲಿ ಕೊಡ್ತಿದೀನಿ. ಜಾಗ ಇದ್ರೆ ನಮ್ಮನೇಲಿ ಇರ್ತೀನಿ."

"ಜಾಗ ಇದ್ರೆ ಅಂತಾನೇ ಬರ್ದಿದಾಳಾ?"

"ಹೌದು ಮಾವ."

ಅಡುಗೆಮನೆಯಿಂದ ಅತ್ತೆಯ ಧ್ವನಿ ಬಂತು. "ಇನ್ನೇನಂತ ಬರೀಬೇಕಿತ್ತು? ಇರೋ ಒಂದು ಕೋಣೇನ ಊರ ಗೋಡೆಗಳಿಗೆ ಬಿಟ್ಕೊಟ್ಟಿದೀರ. ಹೆತ್ತ ಮಗಳು ಕೇಳ್ಕೊಂಡೇ ಬರ್ಬೇಕು."

ಮಾವ ಫೋನನ್ನು ಅಂಗಿಯಲ್ಲಿ ಒರೆಸಿ ಜೇಬಿಗಿಟ್ಟುಕೊಂಡು, ಕೋಣೆಯ ಬಾಗಿಲಲ್ಲಿ ತುಂಬ ಹೊತ್ತು ನಿಂತರು. ಆಮೇಲೆ, "ಎಷ್ಟು ದಿನ ಇದೆ?" ಎಂದರು.

ಅವಳು ಬರೆದಿದ್ದ ತಾರೀಖಿನಿಂದ ಎಣಿಸಿ, "ಹದಿಮೂರು" ಎಂದೆ.

"ಒಂದು ಡಬ್ಬೀನೂ ಇರಬಾರ್ದು. ಇರೋ ಅಷ್ಟು ರಾತ್ರಿ ಅವಳು ಇಲ್ಲೇ ಮಲಗ್ಬೇಕು."

ಮರುದಿನ ಬೆಳಿಗ್ಗೆ ಗುಜರಿಯವನನ್ನು ಕರೆದದ್ದಾಯಿತು. ಅವನು ಒಂದು ಡಬ್ಬಿ ಎತ್ತಿ ಕುಲುಕಿ ಕೆಳಗಿಟ್ಟ. "ಖಾಲಿ ಡಬ್ಬಿ ಆದ್ರೆ ತಗೋತೀನಿ ಮಾವ. ಇದರಲ್ಲಿ ಮಾಲಿದೆ. ಸುರಿದು ಕೊಡಿ."

"ಎಲ್ಲಿ ಸುರೀಲಿ?"

"ಚರಂಡಿ ಇದೆಯಲ್ಲ. ಊರೆಲ್ಲ ಅಲ್ಲೇ ಸುರಿಯೋದು."

"ನಲವತ್ತು ವರ್ಷ ಗೋಡೆ ಬಿಟ್ಟು ಬೇರೆಲ್ಲೂ ಬಣ್ಣ ಚೆಲ್ಲಿದವನಲ್ಲ ನಾನು" ಎಂದರು ಮಾವ. "ಯಾರ ಬಣ್ಣ ಅವರ ಮನೆಗೆ ಹೋಗುತ್ತೆ. ನಿನ್ನ ಗಾಡಿ ಹತ್ತು ದಿನಕ್ಕೆ ಕೊಡು."

ಹೀಗೆ ಮುನ್ನೂರ ಅರವತ್ತು ಚಿಲ್ಲರೆ ಡಬ್ಬಿಗಳನ್ನು ಮುಚ್ಚಳ ತೆಗೆದು ನೋಡುವ ಕೆಲಸ ಶುರುವಾಯಿತು. ಕಟ್ಟೆಯ ಮೇಲೆ ಮಾವ ಕೂತು ಒಂದು ಕಡ್ಡಿ ಹಾಕಿ ತಿರುವುತ್ತಿದ್ದರು. ಕಲ್ಲಾಗಿದ್ದರೆ ಎಡಕ್ಕೆ, ಗುಜರಿಗೆ. ಕಡ್ಡಿ ಮುಳುಗಿದರೆ ಬಲಕ್ಕೆ, ಗಾಡಿಗೆ. ನಾನು ಬೀದಿವಾರು ಪಟ್ಟಿ ಮಾಡಿದೆ. ಮೊದಲ ದಿನ ಇಪ್ಪತ್ತು ಡಬ್ಬಿಯೂ ಮುಗಿಯಲಿಲ್ಲ, ಯಾಕೆಂದರೆ ಪ್ರತಿ ಮುಚ್ಚಳಕ್ಕೂ ಒಂದು ಕಥೆ. ಈ ಮನೆಯವರು ನಾಯಿಯನ್ನು ಕಟ್ಟದೆ ಮಾವನನ್ನು ಏಣಿಯ ಮೇಲೇ ಮಧ್ಯಾಹ್ನದವರೆಗೆ ಕೂರಿಸಿದ್ದರು. ಈ ಮನೆಯ ಯಜಮಾನರು ಬಣ್ಣ ಆರಿದೆಯಾ ಎಂದು ಮುಟ್ಟಿ ನೋಡಿ ಐದು ಬೆರಳಿನ ಗುರುತು ಬಿಟ್ಟಿದ್ದರು.

"ಕಥೆ ಹೇಳ್ತಾ ಕೂತ್ರೆ ಮಗಳು ಬಂದು ಹೋಗಿ ಆಗುತ್ತೆ" ಎಂದು ಅತ್ತೆ ಗದರಿದರು.

"ನಿನ್ನ ಬಾಟ್ಲಿಗಳ ಕಥೆ ಹೇಳ್ಲಾ ಹಾಗಾದ್ರೆ?"

ಅಟ್ಟದ ಮೇಲೆ ಅತ್ತೆ ಕೂಡಿಟ್ಟ ಖಾಲಿ ಗಾಜಿನ ಬಾಟಲಿಗಳು ನೂರಕ್ಕೂ ಹೆಚ್ಚಿದ್ದವು. ಏನಕ್ಕೆ ಎಂದು ಕೇಳಿದರೆ "ಬೇಕಾಗುತ್ತೆ" ಎನ್ನುವರು. ಆ ಸಂಜೆ ಅವೂ ಇಳಿದವು. ಹರಿದ ಪರದೆ, ಕಾಲು ಮುರಿದ ಮಣೆ, ಮೂರು ಸತ್ತ ಗಡಿಯಾರ, ಹಳೆಯ ಪತ್ರಿಕೆಗಳ ಗಂಟು, ಒಂಟಿ ಚಪ್ಪಲಿಗಳು, ಎಲ್ಲ ಹೊರಗೆ ಬಂದವು. ಗುಜರಿಯವನು ರಾಶಿ ನೋಡಿ, "ಅತ್ತೆ, ಇಷ್ಟೇನಾ, ಮಾವನ್ನೂ ಇಳಿಸ್ತೀರಾ?" ಎಂದ.

"ತೂಕಕ್ಕೆ ಹಾಕಿದ್ರೆ ನಿನಗೇ ನಷ್ಟ. ಬರೀ ಮೂಳೆ" ಎಂದರು ಅತ್ತೆ.

ನಾಲ್ಕನೇ ದಿನದಿಂದ ಗಾಡಿ ತಳ್ಳಿಕೊಂಡು ಮನೆಮನೆಗೆ ಹೊರಟೆವು. ಜನ ಬಾಗಿಲು ತೆರೆದು, ಏನೂ ಅರ್ಥವಾಗದೆ ನಿಲ್ಲುತ್ತಿದ್ದರು. ಮಹಡಿ ಅಜ್ಜಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನನ್ನ ಗೋಡೇನ ನನಗೇ ತಂದುಕೊಡ್ತೀಯಲ್ಲಪ್ಪ, ಇನ್ಮೇಲೆ ಕಿತ್ತುಹೋದ್ರೆ ನಾನೇ ಏಣಿ ಹತ್ತಬೇಕಾ?" ಎಂದರು. ಒಂದು ಕಡೆ ಮನೆಯೇ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಬೈಕು ತೊಳೆಯುವ ಅಂಗಡಿಯಿತ್ತು. ಮಾವ ಡಬ್ಬಿ ಹಿಡಿದು ನಿಂತು, ಬಾಗಿಲು ಎಲ್ಲಿತ್ತು, ಕಿಟಕಿ ಎಲ್ಲಿತ್ತು ಎಂದು ನನಗೆ ತೋರಿಸಿದರು. ಇನ್ನೊಂದು ಮನೆಯಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬರು ಮುಚ್ಚಳದ ತಿಳಿಹಸಿರು ಬೊಟ್ಟನ್ನು ನೋಡಿ, "ಇದು ನಮ್ಮನೆಯವರು ಇದ್ದಾಗಿನ ಬಣ್ಣ. ಆಮೇಲೆ ಮೂರು ಸಲ ಬಳಿಸಿಯಾಯ್ತು" ಎಂದರು. ಬೇಡವಾದರೆ ಒಯ್ಯುತ್ತೇನೆ ಎಂದರು ಮಾವ. ಅವರು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲು ಹಾಕಿಕೊಂಡರು.

ದಾರಿಯಲ್ಲಿ ಮಾವ ಮಾತಾಡುತ್ತಿದ್ದುದು ಒಂದೇ ವಿಷಯ. ಗುಬ್ಬಿ ಯಾವ ಮಗ್ಗುಲಿಗೆ ಮಲಗುತ್ತಾಳೋ, ಬೆಳಕು ಕಣ್ಣಿಗೆ ಹೊಡೆಯುತ್ತದೋ ಏನೋ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೋ. "ನಿನಗೆ ಗೊತ್ತಾ?" ಎಂದು ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. "ಮಗಳು ಎಷ್ಟೊತ್ತಿಗೆ ಏಳ್ತಾಳೆ ಅನ್ನೋದು ಗೊತ್ತಿಲ್ಲದ ಅಪ್ಪ ನಾನು" ಎಂದು ಗಾಡಿಯನ್ನು ಜೋರಾಗಿ ತಳ್ಳಿದರು.

ಹನ್ನೊಂದನೇ ದಿನ ಕೋಣೆ ಬರಿದಾಯಿತು. ಹಲಗೆಗಳನ್ನು ಬಡಗಿ ಬಿಚ್ಚಿಕೊಂಡು ಹೋದ. ಥಿನ್ನರು, ಟರ್ಪೆಂಟೈನು ಬೋರ್ಡು ಬರೆಯುವವನ ಅಂಗಡಿ ಸೇರಿದವು. ನಾವು ಮೂವರೂ ನೆಲ, ಗೋಡೆ, ಕಿಟಕಿಯ ಸರಳುಗಳನ್ನು ಸೋಪು ನೀರಿನಲ್ಲಿ ಉಜ್ಜಿದೆವು. ಆದರೆ ವಾಸನೆ ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ? ಮಾವನಿಗೂ ಅತ್ತೆಗೂ ಬಣ್ಣದ ವಾಸನೆ ಹತ್ತುವುದು ನಿಂತು ಎಷ್ಟೋ ಕಾಲವಾಗಿತ್ತು. "ಮೀನಿಗೆ ನೀರಿನ ವಾಸನೆ ಬರುತ್ತಾ?" ಎಂದರು ಮಾವ. ನನ್ನ ಮೂಗನ್ನೂ ಅವರು ನಂಬಲಿಲ್ಲ, ಮೂರು ವರ್ಷ ಆ ಮನೆಯ ಗಾಳಿ ಕುಡಿದವಳೆಂದು. ಎದುರು ಮನೆಯ ದರ್ಜಿಯಮ್ಮನನ್ನು ಕರೆದರು. ಪಕ್ಕದ ಬೀದಿಯಲ್ಲಿ ಹಾಲು ಉಕ್ಕಿದರೆ ಇಲ್ಲಿಂದಲೇ ಹೇಳುವವರು ಅವರು. ಕೋಣೆಯ ನಾಲ್ಕು ಮೂಲೆಗೂ ಹೋಗಿ ಮೂಗೆಳೆದು, "ಬರೀ ಸೋಪಿನ ವಾಸನೆ. ಆಸ್ಪತ್ರೆ ಇದ್ದಂಗಿದೆ" ಎಂದರು. ಮಾವ ಅವರಿಗೆ ಕೈಮುಗಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು.

ಗುಬ್ಬಿ ಬರುವ ಹಿಂದಿನ ದಿನ ನಾನೂ ಅತ್ತೆಯೂ ಹೊಸ ಹಾಸಿಗೆ ಕೊಳ್ಳಲು ಪೇಟೆಗೆ ಹೋಗಿದ್ದೆವು. ಮಾವ ಒಬ್ಬರೇ ಆ ಕೋಣೆಯಲ್ಲಿ ಕೂತಿದ್ದರು. ಹಲಗೆಗಳಿದ್ದ ಕಡೆ ಗೋಡೆಯ ಮೇಲೆ ಕಪ್ಪು ಗೆರೆಗಳು ಉಳಿದಿದ್ದವು. ಡಬ್ಬಿಗಳ ಹಿಂದೆ ಗಾಳಿ ಕಾಣದ ಜಾಗ ಬೇರೆ ಬಣ್ಣಕ್ಕೆ ತಿರುಗಿತ್ತು. ನಮ್ಮ ಕಣ್ಣಿಗೆ ಅದು ತೊಳೆದ ಗೋಡೆ. ಅವರ ಕಣ್ಣಿಗೆ ಅದು ಮಾಡದೆ ಬಿಟ್ಟ ಕೆಲಸ. ಊರಿನ ಮುನ್ನೂರು ಮನೆಯ ಗೋಡೆಗಳನ್ನು ಒಪ್ಪ ಮಾಡಿದವನ ಮಗಳು ಇಂಥ ಗೋಡೆ ನೋಡುತ್ತಾ ಮಲಗಬೇಕೇ ಎಂದು ಅನ್ನಿಸಿದ್ದು ಆಗಲೇ ಇರಬೇಕು.

ನಾವು ಹಾಸಿಗೆ ಹೊರಿಸಿಕೊಂಡು ಬಂದಾಗ ಮಾವ ಸ್ಟೂಲಿನಿಂದ ಇಳಿಯುತ್ತಿದ್ದರು. ಕೈಯಲ್ಲಿ ಬ್ರಷ್ಷು. ನಾಲ್ಕೂ ಗೋಡೆ ತೆಳು ಹಳದಿ, ಬೆಳಗಿನ ಹೊತ್ತು ಪರದೆಯೊಳಗಿಂದ ಬರುವ ಬೆಳಕಿನ ಹಾಗೆ. ಅವರು ಅಷ್ಟು ಚೆನ್ನಾಗಿ ಬಳಿದದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಮುಖದ ತುಂಬ ಹನಿ ಸಿಡಿದಿತ್ತು, ನಗುತ್ತಿದ್ದರು.

ನನಗೆ ಹೊಸಿಲಲ್ಲೇ ಗೊತ್ತಾಯಿತು. "ಮಾವ, ವಾಸನೆ ಬರ್ತಿದೆ."

"ಇಲ್ಲಮ್ಮ. ಇದು ಹೊಸ ಥರದ್ದು, ನೀರಿನ ಬಣ್ಣ. ವಾಸನೆಯೇ ಇಲ್ಲ ಅಂತ ಅಂಗಡಿಯವನು ಹೇಳಿದ. ನಾನೂ ಮೂಸಿ ನೋಡಿದೆ."

"ನೀವು ಮೂಸಿದ್ರಿ" ಎಂದರು ಅತ್ತೆ. ಹಾಸಿಗೆಯನ್ನು ಅಲ್ಲೇ ನಡುಮನೆಯಲ್ಲಿ ಬಿಟ್ಟು ನೆಲದ ಮೇಲೆ ಕೂತರು.

ದರ್ಜಿಯಮ್ಮ ಬಂದವರು ಒಳಗೂ ಹೋಗಲಿಲ್ಲ. ಬಾಗಿಲಿಂದಲೇ ಸೆರಗಿನಲ್ಲಿ ಮೂಗು ಮುಚ್ಚಿಕೊಂಡರು. ಅದನ್ನು ನೋಡಿ ಮಾವನ ಮುಖ ಗೋಡೆಯ ಬಣ್ಣಕ್ಕೇ ತಿರುಗಿತು. ಬೀದಿಯ ಮನೆಗಳಿಂದ ಮೂರು ಫ್ಯಾನು ತಂದೆವು. ಕಿಟಕಿ ಬಾಗಿಲು ತೆರೆದಿಟ್ಟೆವು. ಮನೆಯೆಲ್ಲ ಗಾಳಿಯಾಯಿತು, ವಾಸನೆ ಮಾತ್ರ ಹೋಗಲಿಲ್ಲ.

ಮರುದಿನ ಹತ್ತು ಗಂಟೆಗೆ ಗುಬ್ಬಿ ಬಂದಳು. ಒಂದು ಚೀಲ, ಒಂದು ಪೆಟ್ಟಿಗೆ, ಅವಳ ಸಂಸಾರವೆಲ್ಲ ಅಷ್ಟೇ. ಕಟ್ಟೆಯ ಮೇಲೆ ಕೂರಲು ಹೋದವಳನ್ನು ಅತ್ತೆ ಕೈ ಹಿಡಿದು ನಿಲ್ಲಿಸಿದರು. ಅವಳು ತೆರೆದ ಬಾಗಿಲಿನೊಳಗೆ ನೋಡಿದಳು, ಬರಿದಾದ ಕೋಣೆ ಕಂಡಿತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ನಡುವೆ ನಿಂತಳು.

"ಎಲ್ಲ ಎಲ್ಲಿ ಹೋಯ್ತು ಅಪ್ಪ?"

"ಅವರವರ ಮನೆಗೆ."

ಅವಳು ಗೋಡೆ ಮುಟ್ಟಿದಳು. ಬಾಯಿ ತೆರೆದು ಏನೋ ಹೇಳಲು ಹೋದಾಗ ಕೆಮ್ಮು ಬಂತು. ಒಂದು, ಎರಡು, ಆಮೇಲೆ ನಿಲ್ಲಲೇ ಇಲ್ಲ. ಚೀಲದಿಂದ ಉಬ್ಬಸದ ಪಂಪು ತೆಗೆದು ಬಾಯಿಗಿಟ್ಟುಕೊಂಡು ಹೊರಗೆ ಓಡಿದಳು. ಎದೆಯೊಳಗೆ ಸಿಳ್ಳೆ ಹಾಕಿದಂಥ ಆ ಸದ್ದು ನನಗೂ ಕೇಳಿಸಿತು. ಮಾವ ಇಪ್ಪತ್ತೈದು ವರ್ಷದಿಂದ ಆ ಸದ್ದನ್ನು ಕೇಳಿರಲಿಲ್ಲ.

ಉಸಿರು ಹತೋಟಿಗೆ ಬಂದ ಮೇಲೆ ಅವಳೇ ಮೊದಲು ಮಾತಾಡಿದಳು. "ಬಣ್ಣ ತುಂಬ ಚೆನ್ನಾಗಿದೆ."

"ನನಗೆ ಗೊತ್ತಾಗ್ಲಿಲ್ಲ ಕಣಮ್ಮ" ಎಂದರು ಮಾವ.

ಮೂರು ರಾತ್ರಿ ಗುಬ್ಬಿ ದರ್ಜಿಯಮ್ಮನ ಮನೆಯಲ್ಲಿ ಮಲಗಿದಳು, ಹಗಲು ಕಟ್ಟೆಯ ಮೇಲೆ ಕೂತಳು. ಮೊದಲ ಸಂಜೆಯೇ ಮಾವ ಲೋಹದ ಪಟ್ಟಿ ಹಿಡಿದು ಹೊಸ ಬಣ್ಣವನ್ನು ಕೆರೆಯಲು ಹೊರಟಿದ್ದರು. ಅತ್ತೆ ಅದನ್ನು ಕಿತ್ತುಕೊಂಡರು. "ಕೆರೆದ್ರೆ ಧೂಳೇಳುತ್ತೆ, ಅದು ಬೇರೆ ಬೇಕಾ? ಜೀವಮಾನವೆಲ್ಲ ನಿಮ್ಮ ಕೈ ಸುಮ್ನಿರ್ಲಿಲ್ಲ. ನಾಲ್ಕು ದಿನ ಸುಮ್ನೆ ಕೂತ್ಕೊಳ್ಳಿ. ಆರಬೇಕಾದ್ದು ತಾನಾಗಿ ಆರುತ್ತೆ."

ಸುಮ್ಮನೆ ಕೂರುವುದು ಅವರಿಗೆ ಬರುತ್ತಿರಲಿಲ್ಲ. ಗಂಟೆಗೊಮ್ಮೆ ಎದ್ದು ಫ್ಯಾನಿನ ದಿಕ್ಕು ಬದಲಿಸಿ ಬರುತ್ತಿದ್ದರು. ಬಂದು ಮಗಳ ಪಕ್ಕ ಕೂರುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ಟೀ ಲೋಟ ಹಿಡಿದು ಕೂತಿದ್ದಾಗ, "ನಿನ್ನ ಕಳಿಸಿದ ದಿನ ಬಸ್ಸಿನ ಕಿಟಕಿಯಿಂದ ನೀನು ಏನೋ ಕೇಳ್ದೆ. ನನಗೆ ಕೇಳಿಸ್ಲಿಲ್ಲ" ಎಂದರು.

ಗುಬ್ಬಿಗೆ ನೆನಪಿರಲಿಲ್ಲ. ಅವಳು ಬೇರೆಯದೇ ಒಂದನ್ನು ಹೇಳಿದಳು. "ದೊಡ್ಡಮ್ಮನ ಬೀದೀಲಿ ಯಾರಾದ್ರೂ ಮನೆಗೆ ಬಣ್ಣ ಮಾಡಿಸ್ತಿದ್ರೆ ನಾನು ಶಾಲೆ ಬಿಟ್ಟೋಳು ಅಲ್ಲೇ ಹೋಗಿ ನಿಲ್ತಿದ್ದೆ. ಎದೆ ಕಟ್ಟೋವರೆಗೂ ನಿಲ್ತಿದ್ದೆ. ದೊಡ್ಡಮ್ಮ ಬಂದು ಎಳ್ಕೊಂಡು ಹೋಗೋರು. ಹುಚ್ಚಿ, ಸಾಯ್ಬೇಕು ಅಂತಿದೀಯಾ ಅನ್ನೋರು."

"ಯಾಕೆ ಹೋಗ್ತಿದ್ದೆ ಮತ್ತೆ?"

"ನಿಮ್ಮ ಅಂಗಿ ವಾಸನೆ ಅದು."

ಮಾವ ಲೋಟ ಕೆಳಗಿಟ್ಟರು. ಒಳಗೆ ಅತ್ತೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಆಮೇಲೆ ನಿಧಾನವಾಗಿ ಮತ್ತೆ ಶುರುವಾಯಿತು.

ನಾಲ್ಕನೇ ದಿನ ಗುಬ್ಬಿ ಹೊರಡುವ ದಿನ. ಮರುದಿನ ಬೆಳಿಗ್ಗೆ ಹೊಸ ಜಾಗದಲ್ಲಿ ಸೇರಬೇಕಿತ್ತು, ಐದೂವರೆಯ ಬಸ್ಸು ಬಿಟ್ಟರೆ ಬೇರೆ ಇರಲಿಲ್ಲ. ಊಟವಾದ ಮೇಲೆ ಅವಳು ಕೋಣೆಯ ಬಾಗಿಲಿಗೆ ಹೋಗಿ ಮೂಗೆಳೆದಳು. ಒಳಗೆ ಎರಡು ಹೆಜ್ಜೆ ಇಟ್ಟಳು. ಕೆಮ್ಮು ಬರಲಿಲ್ಲ. "ಸ್ವಲ್ಪ ಹೊತ್ತು ಮಲಗಿ ನೋಡ್ತೀನಿ" ಎಂದಳು.

ಅತ್ತೆ ಹಾಸಿಗೆ ಹಾಸಿದರು. ಅವಳು ಗೋಡೆಯ ಕಡೆ ಮುಖ ಮಾಡಿ, ಎಡಮಗ್ಗುಲಿಗೆ ಮಲಗಿದಳು. ಮಾವ ಹೊಸಿಲ ಹೊರಗೆ ಕೂತರು. ಅವರು ಕೇಳುತ್ತಿದ್ದುದು ಅವಳ ಉಸಿರನ್ನು. ಸಿಳ್ಳೆಯ ಸದ್ದಿಲ್ಲ; ಬಾವಿಯಿಂದ ನೀರು ಸೇದಿದ ಹಾಗೆ ಮೇಲೆ ಬಂದು ಕೆಳಗಿಳಿಯುತ್ತಿತ್ತು. ಬೀದಿಯಲ್ಲಿ ಯಾರೋ ಕೂಗಿ ಮಾರುತ್ತಾ ಬಂದಾಗ ಮಾವ ಬರಿಗಾಲಲ್ಲಿ ಎದ್ದುಹೋಗಿ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಮುಂದಿನ ತಿರುವಿನವರೆಗೆ ಮೌನವಾಗಿ ದಾಟಿಸಿ ಬಂದರು.

ನಾಲ್ಕೂವರೆಯಾಯಿತು. ಅವಳು ಏಳಲಿಲ್ಲ.

ಅತ್ತೆ ಪಿಸುಗುಟ್ಟಿದರು. "ಎಬ್ಬಿಸ್ಬೇಡಿ. ಬಸ್ಸು ಹೋದ್ರೆ ಹೋಗ್ಲಿ. ಒಂದು ರಾತ್ರಿ ಇರ್ತಾಳೆ."

ಮಾವನ ಮುಖ ನೋಡಿದೆ. ಅವರಿಗೆ ಬೇಕಾಗಿದ್ದೂ ಅದೊಂದೇ. ಅಷ್ಟು ದಿನ ಗಾಡಿ ತಳ್ಳಿದ್ದು ಅದಕ್ಕೇ. ಎರಡು ಸಲ ಗಡಿಯಾರ ನೋಡಿದರು. ಆಮೇಲೆ ಮಂಡಿಗೆ ಕೈಯೂರಿ ಎದ್ದರು.

"ಅವತ್ತು ಅವಳನ್ನ ಕೇಳದೆ ಕಳಿಸ್ದೆ" ಎಂದರು. "ಇವತ್ತು ಅವಳನ್ನ ಕೇಳದೆ ಉಳಿಸ್ಕೊಳ್ಳೋದು ಬೇಡ."

ಒಳಗೆ ಹೋಗಿ ಹೆಗಲ ಮೇಲೆ ಕೈಯಿಟ್ಟರು. "ಗುಬ್ಬೀ, ಟೈಮಾಯ್ತು."

ಅವಳು ಕಣ್ಣು ಬಿಟ್ಟು, ಎಲ್ಲಿದ್ದೇನೆಂದು ತಿಳಿಯದವಳಂತೆ ಹಳದಿ ಗೋಡೆಯನ್ನು ನೋಡಿದಳು. "ಎಷ್ಟೊತ್ತು ಮಲಗಿದ್ದೆ?"

"ಎರಡೂಕಾಲು ಗಂಟೆ."

"ಕೆಮ್ಮಿದ್ನಾ?"

"ಇಲ್ಲ. ಒಂದ್ಸಲಾನೂ ಇಲ್ಲ."

ಅವಳು ಎದ್ದು ಕೂತು, ಏನೋ ಯೋಚಿಸಿ, ಕೂದಲು ಕಟ್ಟಿಕೊಂಡಳು. ಹೋಗಲೇಬೇಕಿತ್ತು, ಹೋದಳು. ಬಸ್ಸು ಹತ್ತುವ ಮುಂಚೆ, "ಇನ್ನೊಂದು ರಜೆ ಯಾವಾಗ್ಲೋ ಗೊತ್ತಿಲ್ಲ. ಆ ಕೋಣೇಲಿ ಏನೂ ಇಡ್ಬೇಡಿ ಅಪ್ಪ" ಎಂದಳು.

ಅದಾಗಿ ಏಳು ತಿಂಗಳಾಯಿತು. ಹೊಸ ಕೆಲಸದಲ್ಲಿ ಅವಳಿಗೆ ರಜೆ ಸಿಕ್ಕಿಲ್ಲ. ಮಾವ ಬೆಳಿಗ್ಗೆ ಕಿಟಕಿ ತೆರೆಯುತ್ತಾರೆ, ಸಂಜೆ ಹಾಕುತ್ತಾರೆ. ಖಾಲಿ ಜಾಗ ಕಂಡರೆ ಸಾಮಾನು ತಾನೇ ನಡೆದು ಬರುತ್ತದೆ. ಕಾಳಿನ ಮೂಟೆ, ಬೇಸಿಗೆ ಮುಗಿದ ಫ್ಯಾನು, ನನ್ನ ಪುಸ್ತಕದ ಪೆಟ್ಟಿಗೆ, ಎಲ್ಲವೂ ಆ ಹೊಸಿಲವರೆಗೆ ಹೋಗಿ ವಾಪಸ್ಸು ಬಂದಿವೆ.

ಮೊನ್ನೆ ನಾನು ಹೋದಾಗ ದರ್ಜಿಯಮ್ಮ ಬಾಗಿಲಲ್ಲಿ ನಿಂತಿದ್ದರು. ಅವರ ಮನೆಯ ಸೂರು ಸೋರುತ್ತಿತ್ತು. ಹೊಲಿಯಲು ಬಂದ ಬಟ್ಟೆಯ ಆರು ಗಂಟುಗಳನ್ನು ನಾಲ್ಕು ದಿನ ಇಟ್ಟುಕೊಳ್ಳಿ ಎಂದು ಕೇಳಿದರು. ಅವರಿಗೆ ಇಲ್ಲ ಎನ್ನುವ ಹಾಗಿರಲಿಲ್ಲ. ಮಾವ ಗಂಟುಗಳನ್ನು ಒಂದೊಂದಾಗಿ ಹೊತ್ತು ತಂದು, ಕೋಣೆಯ ಬಾಗಿಲ ಮುಂದಿನಿಂದಲೇ ದಾಟಿಸಿ, ನಡುಮನೆಯಲ್ಲಿ ತಾವು ಮಲಗುವ ಮೂಲೆಯಲ್ಲಿ ಪೇರಿಸಿದರು.

"ರೀ, ಕಾಲು ಎಲ್ಲಿ ಚಾಚ್ತೀರಿ?" ಎಂದರು ಅತ್ತೆ.

ಮಾವ ಉಳಿದ ಜಾಗವನ್ನು ಕಣ್ಣಲ್ಲೇ ಅಳೆದರು. "ಮಡಚ್ಕೋತೀನಿ ಬಿಡು" ಎಂದರು.